ಮುಪ್ಪಾಗದೆ ಅಳಿಯುವ ಕಣಗಳು

ವಿಜ್ಞಾನದ ಅಂಕಣಗಳಿಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಲ್ಲಿ ಇದೂ ಒಂದು. ಒಂದು ಕಣ ಅಳಿದು ಬೇರೆ ಕಣಗಳಾಗುತ್ತದೆ ಎನ್ನುತ್ತೀರಲ್ಲ, ಆ ಹೊಸ ಕಣಗಳು ಹಳೆಯದರ ಹೊಟ್ಟೆಯಲ್ಲೇ ಇದ್ದವೇ? ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ದ್ವಿತೀಯ ಪಿಯುಸಿ ಓದುವ ಹುಡುಗ ಹುಡುಗಿಯರು ಬೀಟಾ ಕ್ಷಯದ ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಎಡಗಡೆ ನ್ಯೂಟ್ರಾನ್, ನಡುವೆ ಬಾಣ, ಬಲಗಡೆ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ. ಅಂಕವೂ ಬರುತ್ತದೆ. ಆ ಬಾಣದ ಜಾಗದಲ್ಲಿ ನಡೆದದ್ದೇನು ಎಂದು ಕೇಳಲು ಮಾತ್ರ ಪರೀಕ್ಷೆಯ ಓಟದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಉತ್ತರ ಚಿಕ್ಕದು: ಇರಲಿಲ್ಲ. ಎಲೆಕ್ಟ್ರಾನ್ ನ್ಯೂಟ್ರಾನಿನ ಒಳಗೆ ಅವಿತು ಕುಳಿತಿರಲಿಲ್ಲ. ಅದು ಆ ಕ್ಷಣದಲ್ಲಿ ಹುಟ್ಟಿತು. ಹಳೆಯ ಕಣ ಇಲ್ಲವಾಗಿ, ಅದರ ಶಕ್ತಿ ಹೊಸ ಕಣಗಳ ರೂಪ ತಾಳಿತು. ಇದನ್ನು ಒಪ್ಪಿಕೊಳ್ಳುವುದು ಮನಸ್ಸಿಗೆ ಕಷ್ಟ, ಏಕೆಂದರೆ ದಿನನಿತ್ಯದ ಬದುಕಿನಲ್ಲಿ ಒಡೆಯುವ ವಸ್ತುಗಳೆಲ್ಲ ತಮ್ಮೊಳಗೆ ಇದ್ದದ್ದನ್ನೇ ಚೆಲ್ಲುತ್ತವೆ. ಕಣಗಳ ಲೋಕ ಹಾಗಿಲ್ಲ ಎಂಬುದಕ್ಕೆ ಮ್ಯೂಯಾನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಸ್ಥಾನದ ಕಲ್ಲು ಚಾವಣಿಯ ಕೆಳಗೆ ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಯಾನ್ ಆ ಕೈಯನ್ನು ತೂರಿ ನೆಲಕ್ಕೆ ಇಳಿಯುತ್ತದೆ. ಚಾವಣಿಯ ಚಪ್ಪಡಿ ಅದಕ್ಕೆ ತಡೆಯೇ ಅಲ್ಲ. ಎಲೆಕ್ಟ್ರಾನಿಗಿರುವ ವಿದ್ಯುದಂಶವೇ ಅದಕ್ಕೂ ಇದೆ, ತೂಕ ಮಾತ್ರ 207 ಪಟ್ಟು. ಅದರೊಳಗೆ ಬಿಡಿಭಾಗಗಳಿವೆ ಎನ್ನುವುದಕ್ಕೆ ಇವತ್ತಿನವರೆಗೆ ಯಾವ ಪ್ರಯೋಗದಲ್ಲೂ ಸುಳಿವು ಸಿಕ್ಕಿಲ್ಲ. ಹಾಗಿದ್ದೂ ಸರಾಸರಿ 2.2 ಮೈಕ್ರೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು ಚಿಲ್ಲರೆಯಲ್ಲಿ, ಅದು ಅಳಿದು ಒಂದು ಎಲೆಕ್ಟ್ರಾನ್ ಮತ್ತು ಎರಡು ನ್ಯೂಟ್ರಿನೊ ಜಾತಿಯ ಕಣಗಳಾಗುತ್ತದೆ. ಬಿಡಿಭಾಗಗಳೇ ಇಲ್ಲದ್ದು ಮೂರಾಗುತ್ತದೆ.

ಈ ಮ್ಯೂಯಾನ್ ಸ್ವತಃ ಇನ್ನೊಂದರ ಅಳಿವಿನಿಂದ ಹುಟ್ಟಿದ್ದು. ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದಾಗ ಪಯಾನ್ ಎಂಬ ಕಣಗಳು ಸಿಡಿಯುತ್ತವೆ. ವಿದ್ಯುದಂಶವುಳ್ಳ ಪಯಾನಿನ ಸರಾಸರಿ ಆಯಸ್ಸು 26 ನ್ಯಾನೊಸೆಕೆಂಡ್, ಮ್ಯೂಯಾನಿನ ಆಯಸ್ಸಿನ ಎಂಬತ್ತನೇ ಒಂದು ಪಾಲೂ ಇಲ್ಲ. ಅದು ಒಂದು ಮ್ಯೂಯಾನ್ ಮತ್ತು ಒಂದು ನ್ಯೂಟ್ರಿನೊ ಆಗಿ ಮುಗಿದುಹೋಗುತ್ತದೆ. ಮುಗಿಲ ಮೇಲೆ ಹುಟ್ಟಿದ ಆ ಮ್ಯೂಯಾನ್ ನೆಲ ಮುಟ್ಟುವುದೇ ಒಂದು ಒಗಟು. ಬೆಳಕಿನ ವೇಗದಲ್ಲಿ ಓಡಿದರೂ 2.2 ಮೈಕ್ರೊಸೆಕೆಂಡಿನಲ್ಲಿ ಕ್ರಮಿಸುವ ದೂರ 660 ಮೀಟರ್ ಅಷ್ಟೆ. ಆ ಲೆಕ್ಕದಲ್ಲಿ ಏಳೆಂಟು ನೂರು ಕೋಟಿ ಮ್ಯೂಯಾನುಗಳಲ್ಲಿ ಒಂದು ಮಾತ್ರ ಕಾವೇರಿ ತೀರಕ್ಕೆ ತಲುಪಬೇಕಿತ್ತು.

ತಲುಪುವುದು ಧಾರಾಳವಾಗಿ ತಲುಪುತ್ತದೆ. ಕಾರಣ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ. ವೇಗವಾಗಿ ಓಡುವ ಕಣದ ಗಡಿಯಾರ ನೆಲದ ಮೇಲೆ ನಿಂತವರ ಲೆಕ್ಕಕ್ಕೆ ನಿಧಾನವಾಗುತ್ತದೆ. ಇದನ್ನು ಮೊದಲೇ ಕಂಡು ಹೇಳಿದವರು ಹೋಮಿ ಭಾಭಾ. 1938ರಲ್ಲಿ, ಇನ್ನೂ ಕೇಂಬ್ರಿಜ್‌ನಲ್ಲಿದ್ದಾಗ, ನೇಚರ್ ಪತ್ರಿಕೆಯ ಪುಟ್ಟ ಬರಹದಲ್ಲಿ ಅವರು ಇಂಥ ಕಣ ತಾನಾಗಿ ಅಳಿಯಬಲ್ಲದೆಂದೂ, ಅದನ್ನೊಂದು ಗಡಿಯಾರವೆಂದೇ ಭಾವಿಸಬಹುದೆಂದೂ, ಚಲಿಸುವಾಗ ಅದರ ಆಯಸ್ಸು ಹಿಗ್ಗಿದಂತೆ ತೋರಬೇಕೆಂದೂ ಸೂಚಿಸಿದರು. ಮರುವರ್ಷ ರಜೆಗೆಂದು ಭಾರತಕ್ಕೆ ಬಂದವರು ಮಹಾಯುದ್ಧದಿಂದಾಗಿ ಇಲ್ಲೇ ಉಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ವಿಶ್ವಕಿರಣಗಳ ಅಧ್ಯಯನಕ್ಕೆ ಒಂದು ಘಟಕ ಕಟ್ಟಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಣ್ಣು ಬಿಟ್ಟದ್ದೂ ಬೆಂಗಳೂರಿನ ಆ ಆವರಣದಲ್ಲೇ. ಮುಂಬಯಿಗೆ ಹೋದದ್ದು ಆಮೇಲೆ.

ಇನ್ನು ಆಯಸ್ಸು ಎಂಬ ಮಾತಿನ ಬಗ್ಗೆ. ಇಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. 2.2 ಮೈಕ್ರೊಸೆಕೆಂಡ್ ಎನ್ನುವುದು ಸರಾಸರಿ. ಒಂದೊಂದು ಮ್ಯೂಯಾನಿಗೂ ಅಷ್ಟೇ ಎಂದು ಬರೆದಿಟ್ಟ ಆಯಸ್ಸಿಲ್ಲ. ಒಂದು ಮ್ಯೂಯಾನ್ ಹುಟ್ಟಿದ ಕೂಡಲೇ ಅಳಿಯಬಹುದು, ಇನ್ನೊಂದು ಹತ್ತು ಮೈಕ್ರೊಸೆಕೆಂಡ್ ಬಾಳಬಹುದು. ಹತ್ತು ಮೈಕ್ರೊಸೆಕೆಂಡ್ ಬಾಳಿದ್ದು ಸವೆದಿರುವುದಿಲ್ಲ, ಬಳಲಿರುವುದಿಲ್ಲ. ಮುಂದಿನ ಕ್ಷಣದಲ್ಲಿ ಅಳಿಯುವ ಸಂಭವ ಆಗತಾನೇ ಹುಟ್ಟಿದ್ದಕ್ಕೆ ಎಷ್ಟಿದೆಯೋ ಇದಕ್ಕೂ ಅಷ್ಟೇ. ಎರಡು ಮ್ಯೂಯಾನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಮೊದಲು ಹುಟ್ಟಿದ್ದೆಂದು ಹೇಳಲು ಪ್ರಪಂಚದಲ್ಲಿ ಯಾವ ಗುರುತೂ ಇಲ್ಲ. ಮನುಷ್ಯರು, ಮರಗಳು, ಯಂತ್ರಗಳು, ಕಟ್ಟಡಗಳು ಎಲ್ಲಕ್ಕೂ ಮುಪ್ಪುಂಟು, ಕಣಗಳಿಗಿಲ್ಲ. ಈ ಅಳಿವಿಗೆ ಕಾರಣವೆಂದು ತೋರಿಸಲು ಹಿಂದಿನ ಕ್ಷಣದಲ್ಲಿ ಏನೂ ನಡೆದಿರುವುದಿಲ್ಲ. ಸಂಭವವಷ್ಟೇ ನಿಯತ, ಗಳಿಗೆ ಅನಿಯತ. ಭೌತವಿಜ್ಞಾನದಲ್ಲಿ ಇದಕ್ಕಿಂತ ವಿಸ್ಮಯದ ಸಂಗತಿಗಳು ಹೆಚ್ಚಿಲ್ಲ, ಪಠ್ಯಪುಸ್ತಕಗಳು ಇದನ್ನು ಒಂದೇ ಸೂತ್ರದಲ್ಲಿ ದಾಟಿಬಿಡುವುದು ದೊಡ್ಡ ನಷ್ಟ.

ಆ ನಷ್ಟ ತುಂಬಿಕೊಳ್ಳುವುದು ಕಷ್ಟವೇನಲ್ಲ. ಮ್ಯೂಯಾನ್ ಬಡಿದರೆ ಮಿನುಗುವ ಪ್ಲಾಸ್ಟಿಕ್ಕಿನ ಒಂದು ದಪ್ಪ ತುಂಡು, ಆ ಮಿನುಗನ್ನು ಹಿಡಿಯುವ ನಳಿಕೆ, ಎಣಿಸಲು ಎಲೆಕ್ಟ್ರಾನಿಕ್ ಗಡಿಯಾರ ಇಷ್ಟಿದ್ದರೆ ಸಾಕು. ಮ್ಯೂಯಾನ್ ಒಳಗೆ ಬಂದು ನಿಂತಾಗ ಒಂದು ಮಿನುಗು, ಅಳಿದು ಎಲೆಕ್ಟ್ರಾನ್ ಚಿಮ್ಮಿದಾಗ ಇನ್ನೊಂದು ಮಿನುಗು. ನಡುವಿನ ಅಂತರಗಳನ್ನು ಕೆಲವು ದಿನ ಕೂಡಿಹಾಕಿದರೆ 2.2 ಎಂಬ ಅಂಕಿ ತಾನಾಗಿ ಮೂಡಿಬರುತ್ತದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳು ಮಾಡುವ ಪ್ರಯೋಗ ಇದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿನ ಕಾಲೇಜುಗಳು ಸೇರಿ ಇಂಥದೊಂದು ಉಪಕರಣವನ್ನು ಸರದಿಯಂತೆ ಬಳಸುವ ವ್ಯವಸ್ಥೆಯಾದರೆ, ಕಣ ಅಳಿಯುವುದನ್ನು ಮಕ್ಕಳು ಪುಸ್ತಕದಿಂದಲ್ಲದೆ ಕಣ್ಣಿಂದ ಕಲಿಯುತ್ತಾರೆ.

ಯಾವ ಕಣ ಅಳಿಯುತ್ತದೆ, ಯಾವುದು ಉಳಿಯುತ್ತದೆ? ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಹರಿಯಬೇಕಾದರೆ ಎರಡು ಸಂಗತಿ ಬೇಕೆಂಬುದು ಪಾಂಡವಪುರದ ರೈತರಿಗೆಲ್ಲ ಗೊತ್ತು: ಮಟ್ಟ ಇಳಿಜಾರಾಗಿರಬೇಕು, ತೂಬು ತೆರೆದಿರಬೇಕು. ಕಣಗಳಿಗೂ ಇವೆರಡೇ ಷರತ್ತು. ಇಳಿಜಾರು ಎಂದರೆ ದ್ರವ್ಯರಾಶಿ. ಹುಟ್ಟುವ ಕಣಗಳ ಒಟ್ಟು ದ್ರವ್ಯರಾಶಿ ಅಳಿಯುವ ಕಣದ್ದಕ್ಕಿಂತ ಕಡಿಮೆ ಇರಬೇಕು, ಉಳಿದದ್ದು ಅವುಗಳ ಓಟದ ಶಕ್ತಿಯಾಗುತ್ತದೆ. ತೂಬು ಎಂದರೆ ನಿಸರ್ಗದ ಜಮಾ-ಖರ್ಚಿನ ನಿಯಮಗಳು: ವಿದ್ಯುದಂಶದ ಮೊತ್ತ ಬದಲಾಗಬಾರದು, ಇನ್ನೂ ಕೆಲವು ಲೆಕ್ಕಗಳು ತಾಳೆಯಾಗಬೇಕು. ಎರಡೂ ಕೂಡಿಬಂದಲ್ಲಿ ಅಳಿವು ಇವತ್ತಲ್ಲ ನಾಳೆ ನಡೆಯುತ್ತದೆ. ಎಲೆಕ್ಟ್ರಾನ್ ಅಳಿಯದಿರುವುದು ಇದೇ ಕಾರಣಕ್ಕೆ. ವಿದ್ಯುದಂಶವುಳ್ಳ ಕಣಗಳಲ್ಲಿ ಅದಕ್ಕಿಂತ ಹಗುರವಾದದ್ದೇ ಇಲ್ಲ, ಇಳಿಯಲು ಜಾಗವಿಲ್ಲ.

ನ್ಯೂಟ್ರಾನಿನ ಕತೆ ಇಲ್ಲಿ ಬಿಡಿಸಿಕೊಳ್ಳುತ್ತದೆ. ಒಂಟಿ ನ್ಯೂಟ್ರಾನ್ ಪ್ರೋಟಾನಿಗಿಂತ ಕೂದಲೆಳೆಯಷ್ಟು ಭಾರ, ಸಾವಿರಕ್ಕೆ ಒಂದು ಚಿಲ್ಲರೆ ಪಾಲಿನಷ್ಟು ಮಾತ್ರ. ಈ ಬಗೆಯ ಕ್ಷಯ ನಡೆಸುವ ದುರ್ಬಲ ಬಲದಲ್ಲಿ ಇಳಿಜಾರು ಇಮ್ಮಡಿಯಾದರೆ ವೇಗ ಸ್ಥೂಲವಾಗಿ ಮೂವತ್ತೆರಡು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಇಳಿಜಾರು ಕಡಿದಾಗಿರುವ ಮ್ಯೂಯಾನ್ ಮೈಕ್ರೊಸೆಕೆಂಡುಗಳಲ್ಲಿ ಮುಗಿದರೆ, ಇಳಿಜಾರು ತೀರಾ ಕಿರಿದಾದ ನ್ಯೂಟ್ರಾನ್ ಸರಾಸರಿ ಹದಿನೈದು ನಿಮಿಷದ ಹತ್ತಿರ, ಸುಮಾರು 880 ಸೆಕೆಂಡ್, ಬಾಳುತ್ತದೆ. ಈ ಬಲದ ಗಣಿತರೂಪವನ್ನು 1957ರಲ್ಲಿ ಸರಿಯಾಗಿ ಹಿಡಿದವರಲ್ಲಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ಮಾಡಿದ ಇ.ಸಿ.ಜಿ. ಸುದರ್ಶನ್ ಒಬ್ಬರು.

ಪರಮಾಣು ಬೀಜದ ಒಳಗೆ ಸೇರಿದ ನ್ಯೂಟ್ರಾನಿಗೆ ಆ ಇಳಿಜಾರು ಬಹುಪಾಲು ಇರುವುದೇ ಇಲ್ಲ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳು ಬಂಡೆಗಳಾಗಿ ನಿಂತಿರುವುದು ಇದರಿಂದಲೇ. ಆ ಕಲ್ಲಿನಲ್ಲಿರುವ ಆಮ್ಲಜನಕ, ಸಿಲಿಕಾನ್ ಬೀಜಗಳೊಳಗೆ ನ್ಯೂಟ್ರಾನ್ ಪ್ರೋಟಾನಾಗಿ ಬದಲಾದರೆ ಬೀಜದ ಒಟ್ಟು ದ್ರವ್ಯರಾಶಿ ಹೆಚ್ಚಾಗಬೇಕಾಗುತ್ತದೆ, ಅದಕ್ಕೆ ದಾರಿಯಿಲ್ಲ.

ಕೆಲವು ಬೀಜಗಳಲ್ಲಿ ಮಾತ್ರ ದಾರಿಯಿದೆ. ಪೊಟ್ಯಾಸಿಯಮ್ಮಿನ ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಒಂದು, ಪೊಟ್ಯಾಸಿಯಂ-40, ಅಸ್ಥಿರ. ಅದರ ಅರ್ಧಾಯು 125 ಕೋಟಿ ವರ್ಷ. ಅದಕ್ಕೆ ಎರಡು ಹಾದಿಗಳಿವೆ. ನೂರರಲ್ಲಿ ಸುಮಾರು 89 ಸಲ ಒಳಗಿನ ಒಂದು ನ್ಯೂಟ್ರಾನ್ ಪ್ರೋಟಾನಾಗಿ ಕ್ಯಾಲ್ಸಿಯಂ ಸಿಗುತ್ತದೆ, ಉಳಿದ 11 ಸಲ ಒಂದು ಪ್ರೋಟಾನ್ ಹೊರಗಿನ ಎಲೆಕ್ಟ್ರಾನನ್ನು ಸೆಳೆದುಕೊಂಡು ನ್ಯೂಟ್ರಾನಾಗಿ ಆರ್ಗಾನ್ ಸಿಗುತ್ತದೆ. ಇಂಥ ಬೀಜ ಯಾವ ಹಾದಿ ಹಿಡಿಯುತ್ತದೆಂದು ಮೊದಲೇ ಹೇಳಲಾಗದು, ಪ್ರಮಾಣ ಮಾತ್ರ ಎಂದೂ ತಪ್ಪದು. ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದರಷ್ಟಿರುವ ಆರ್ಗಾನ್ ಬಹುತೇಕ ಹೀಗೆ ನೆಲದೊಳಗಿನ ಪೊಟ್ಯಾಸಿಯಂ ಅಳಿದು ಬಂದದ್ದು. ನಾಗಮಂಗಲದ ತೋಟದ ಒಂದು ಎಳನೀರಿನಲ್ಲಿ ಅರ್ಧ ಗ್ರಾಂ ಪೊಟ್ಯಾಸಿಯಂ ಇದ್ದರೆ ಅಲ್ಲಿ ಸೆಕೆಂಡಿಗೆ ಹದಿನೈದರಂತೆ ಇಂಥ ಕ್ಷಯ ನಡೆಯುತ್ತಿರುತ್ತದೆ. ಕುಡಿಯುವವರ ಮೈಯಲ್ಲಿ ಸೆಕೆಂಡಿಗೆ ನಾಲ್ಕು ಸಾವಿರದಷ್ಟು. ಹೆದರುವಂಥದ್ದಲ್ಲ. ಜೀವಿಗಳು ಹುಟ್ಟಿದಾಗಿನಿಂದ ಹೀಗೇ ಬಾಳಿವೆ.

ಕಲ್ಲಿನ ವಯಸ್ಸು ಹೇಳುವುದೂ ಇದೇ ಬಗೆಯ ಕ್ಷಯ. ಕೆ.ಆರ್. ಪೇಟೆಗೆ ನೆರೆಯ ಹಾಸನ ಜಿಲ್ಲೆಯ ಗೊರೂರು ಸುತ್ತಲಿನ ನೈಸ್ ಶಿಲೆಗೆ ಸುಮಾರು 336 ಕೋಟಿ ವರ್ಷ ಎಂದು 1980ರಲ್ಲಿ ಪ್ರಕಟವಾಯಿತು. ಲೆಕ್ಕಕ್ಕೆ ಬಳಸಿದ್ದು ರುಬಿಡಿಯಂ ಬೀಜದ ಒಂದು ನ್ಯೂಟ್ರಾನ್ ಪ್ರೋಟಾನಾಗಿ ಸ್ಟ್ರಾನ್ಷಿಯಂ ಆಗುವ ಕ್ಷಯವನ್ನು. ಮುಪ್ಪಿಲ್ಲದ ಕಣಗಳೇ ಬೆಟ್ಟಗಳ ಮುಪ್ಪನ್ನು ಅಳೆದುಕೊಡುತ್ತವೆ.

ಅಳಿವಿನಿಂದ ಹುಟ್ಟಿದ ನ್ಯೂಟ್ರಿನೊಗಳು ಎಲ್ಲಿಗೆ ಹೋಗುತ್ತವೆ? ಅವು ಬಹುಮಟ್ಟಿಗೆ ಭೂಮಿಯನ್ನೇ ತೂರಿಕೊಂಡು ಹೋಗುತ್ತವೆ. ಆಕಾಶದಲ್ಲಿ ಪಯಾನ್ ಮತ್ತು ಮ್ಯೂಯಾನ್ ಅಳಿದಾಗ ಹುಟ್ಟಿದ ನ್ಯೂಟ್ರಿನೊಗಳನ್ನು ಹಿಡಿದು ತೋರಿಸಿದ ಊರುಗಳು ಜಗತ್ತಿನಲ್ಲಿ ಮೊದಲಿಗೆ ಎರಡು, ಎರಡೂ ಚಿನ್ನದ ಗಣಿ. ಒಂದು ದಕ್ಷಿಣ ಆಫ್ರಿಕಾದಲ್ಲಿ, ಇನ್ನೊಂದು ಕೋಲಾರದ ಕೆಜಿಎಫ್. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಭಾಭಾ ಅವರ ಸೂಚನೆಯಂತೆ ಉಪಕರಣ ಹೊತ್ತು ಕೋಲಾರದ ಗಣಿಗೆ ಇಳಿದಿದ್ದರು. ಆಳಕ್ಕೆ ಹೋದಂತೆ ಮ್ಯೂಯಾನುಗಳು ಹೇಗೆ ಕಡಿಮೆಯಾಗುತ್ತವೆ ಎಂದು ಅಳೆಯುವುದು ಉದ್ದೇಶ. ಮುಂದಿನ ವರ್ಷಗಳಲ್ಲಿ ಇನ್ನೂ ಆಳಕ್ಕೆ ಇಳಿದಾಗ, 2.7 ಕಿಲೋಮೀಟರಿಗೂ ಕೆಳಗೆ, ಸುಮಾರು ಎರಡು ತಿಂಗಳು ಕಾದರೂ ಒಂದೂ ಮ್ಯೂಯಾನ್ ದಾಖಲಾಗಲಿಲ್ಲ. ಬೇರೆಯವರಿಗೆ ಅದು ಬರಿಗೈ. ಈ ತಂಡಕ್ಕೆ ಅದೇ ದೊಡ್ಡ ಸುದ್ದಿಯಾಯಿತು. ಮೇಲಿನ ಗದ್ದಲ ಇಷ್ಟು ಅಡಗಿದ ಜಾಗದಲ್ಲಿ ಅಡ್ಡಲಾಗಿ ಒಂದು ಮ್ಯೂಯಾನ್ ಬಂದರೆ, ಅದು ಬಂಡೆಯೊಳಗೆ ನ್ಯೂಟ್ರಿನೊ ಬಡಿದು ಹುಟ್ಟಿದ್ದೇ ಆಗಿರಬೇಕು.

ಮಂಗಳೂರಿನಲ್ಲಿ ಹುಟ್ಟಿ ಬ್ರಿಸ್ಟಲ್‌ನಲ್ಲಿ ಕೆ-ಮೇಸಾನ್ ಕಣಗಳ ಅಳಿವನ್ನು ಅಧ್ಯಯನ ಮಾಡಿ ಬಂದಿದ್ದ ಎಂ.ಜಿ.ಕೆ. ಮೆನನ್, ಪಿ.ವಿ. ರಮಣಮೂರ್ತಿ, ವಿ.ಎಸ್. ನರಸಿಂಹಂ, ಜಪಾನಿನ ಒಸಾಕಾದ ಮಿಯಾಕೆ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ವುಲ್ಫೆಂಡೇಲ್ ಮೊದಲಾದವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ ಶೋಧಕಗಳನ್ನು ನಿಲ್ಲಿಸಿದರು. 1965ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಫ್ರೆಡ್ ರೈನ್ಸ್ ನೇತೃತ್ವದ ದಕ್ಷಿಣ ಆಫ್ರಿಕಾ ಪ್ರಯೋಗದ ವರದಿ ಬಂದದ್ದು ಕೆಲವೇ ದಿನಗಳ ಅಂತರದಲ್ಲಿ.

ಇಲ್ಲೊಂದು ಲೆಕ್ಕ ಹಾಕಬೇಕೆನಿಸುತ್ತದೆ. ಭೂಮಿ ಗುಂಡಗಿರುವುದರಿಂದ, 2.3 ಕಿಲೋಮೀಟರ್ ಆಳದ ಶೋಧಕಕ್ಕೆ ನೇರ ಅಡ್ಡಲಾಗಿ ಬರುವ ಕಣ ಸುಮಾರು 170 ಕಿಲೋಮೀಟರ್ ದೂರದಲ್ಲಿ ನೆಲವನ್ನು ಹೊಕ್ಕಿರಬೇಕು. ಕೆಜಿಎಫ್‌ನಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಅಷ್ಟು ದೂರ ಹೋದರೆ ಸಿಗುವುದು ನಾಗಮಂಗಲ ತಾಲ್ಲೂಕು. ಪಡುವಣ ಆಕಾಶದಲ್ಲಿ ಎಲ್ಲೋ ಒಂದು ಮ್ಯೂಯಾನ್ ಅಳಿದು, ಅದರ ನ್ಯೂಟ್ರಿನೊ ನಾಗಮಂಗಲದ ಹೊಲಗಳ ಮಟ್ಟದಲ್ಲಿ ಭೂಮಿಗೆ ಇಳಿದು, ಬೆಂಗಳೂರಿನ ಅಡಿಯಲ್ಲೇ ಹಾದು ಕೋಲಾರದ ಬಂಡೆಯಲ್ಲಿ ಕೊನೆಗೊಳ್ಳುವ ಹಾದಿ ಅದು.

ಅದೇ ಗಣಿಯಲ್ಲಿ 1980ರಲ್ಲಿ ಇನ್ನೂ ದೊಡ್ಡ ಪ್ರಶ್ನೆ ಎತ್ತಲಾಯಿತು. ನ್ಯೂಟ್ರಾನ್ ಜಾತಿಯ ಭಾರದ ಕಣಗಳ ಅಳಿವೆಲ್ಲ ಕೊನೆಗೆ ಪ್ರೋಟಾನಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಹಗುರವಾದ ಕಣಗಳೇನೋ ಇವೆ, ಇಳಿಜಾರೂ ಇದೆ, ಆದರೆ ತೂಬು ಮುಚ್ಚಿದೆ ಎಂಬುದು ನಂಬಿಕೆ. 1970ರ ದಶಕದಲ್ಲಿ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ, ಬಳಿಕ ಜಾರ್ಜೈ ಮತ್ತು ಗ್ಲಾಶೊ, ನಿಸರ್ಗದ ಬಲಗಳನ್ನು ಒಂದುಗೂಡಿಸುವ ಸಿದ್ಧಾಂತಗಳಲ್ಲಿ ಆ ತೂಬು ಪೂರ್ತಿ ಮುಚ್ಚಿಲ್ಲವೆಂದು ತೋರಿಸಿದರು. ಸರಳ ಲೆಕ್ಕದಲ್ಲಿ ಪ್ರೋಟಾನಿನ ಆಯಸ್ಸು 1ರ ಮುಂದೆ ಮೂವತ್ತು, ಮೂವತ್ತೊಂದು ಸೊನ್ನೆಗಳಷ್ಟು ವರ್ಷ. ವಿಶ್ವಕ್ಕೇ ಇನ್ನೂ 1,380 ಕೋಟಿ ವರ್ಷ. ಅಷ್ಟು ಕಾಯುವುದು ಹೇಗೆ? ಕಣಗಳಿಗೆ ಮುಪ್ಪಿಲ್ಲವೆಂಬ ಸಂಗತಿ ಇಲ್ಲಿ ಕೈಹಿಡಿಯುತ್ತದೆ. ಒಂದೇ ಕಣವನ್ನು ಯುಗಯುಗ ಕಾಯಬೇಕಿಲ್ಲ, ಬಹಳಷ್ಟು ಕಣಗಳನ್ನು ಒಂದು ವರ್ಷ ಕಾದರೂ ಸಾಕು. ಕೋಲಾರದಲ್ಲಿ ಜೋಡಿಸಿದ್ದು 140 ಟನ್ ಕಬ್ಬಿಣ. ಅದರಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ 8ರ ಮುಂದೆ ಮೂವತ್ತೊಂದು ಸೊನ್ನೆಗಳಷ್ಟು ಕಣ. ಸಿದ್ಧಾಂತ ಸರಿಯಿದ್ದರೆ ವರ್ಷಕ್ಕೆ ಕೆಲವಾದರೂ ಅಳಿಯಬೇಕು. ಪ್ರೋಟಾನ್ ಅಳಿವಿಗೆಂದೇ ಕಟ್ಟಿದ ಪ್ರಯೋಗಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಇದು.

ಮೊದಲ ವರ್ಷಗಳಲ್ಲೇ ಅಳಿವನ್ನು ಹೋಲುವ ಕೆಲವು ಘಟನೆಗಳು ಕಂಡವು. ಜಗತ್ತಿನ ಭೌತವಿಜ್ಞಾನಿಗಳ ಕಣ್ಣು ಕೋಲಾರದತ್ತ ತಿರುಗಿತು. ಆದರೆ ಅಮೆರಿಕದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಮಿಯೋಕಾದಲ್ಲಿ ಸಾವಿರಾರು ಟನ್ ನೀರು ತುಂಬಿದ ತೊಟ್ಟಿಗಳಲ್ಲಿ ಅಂಥದ್ದೇನೂ ಸಿಗಲಿಲ್ಲ. ಕೋಲಾರದ ಘಟನೆಗಳನ್ನು ಪ್ರೋಟಾನ್ ಅಳಿವೆಂದು ಒಪ್ಪಲು ಆಧಾರ ಉಳಿಯಲಿಲ್ಲ. ಈಗ ಜಪಾನಿನ ಸೂಪರ್-ಕಮಿಯೋಕಾಂಡೆ 50,000 ಟನ್ ನೀರಿನೊಂದಿಗೆ 1996ರಿಂದ ಕಾಯುತ್ತಿದೆ. ಒಂದೂ ಪ್ರೋಟಾನ್ ಅಳಿದಿಲ್ಲ. ಪಾಸಿಟ್ರಾನ್ ಮತ್ತು ಪಯಾನ್ ಆಗುವ ಹಾದಿಯ ಮಟ್ಟಿಗೆ ಆಯಸ್ಸು 1ರ ಮುಂದೆ 34 ಸೊನ್ನೆಗಳ ವರ್ಷವನ್ನೂ ಮೀರಿದ್ದು ಎಂದು ಅದು ತೋರಿಸಿದೆ. ಸೊನ್ನೆ ಸಿಕ್ಕಿತೆಂದು ಈ ಪ್ರಯೋಗಗಳನ್ನು ಸೋಲು ಎನ್ನುವವರಿದ್ದಾರೆ. ಅದು ಸರಿಯಲ್ಲ. ಅಂದವಾದ ಒಂದು ಸಿದ್ಧಾಂತವನ್ನು ಪಕ್ಕಕ್ಕೆ ಸರಿಸಿದ್ದು ಈ ಸೊನ್ನೆಯೇ, ಆ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಕೋಲಾರ.

ಕೋಲಾರದ ಇನ್ನೊಂದು ಗಂಟು ಮಾತ್ರ ಬಿಚ್ಚಿಕೊಂಡಿಲ್ಲ. ನ್ಯೂಟ್ರಿನೊ ಶೋಧಕಗಳಲ್ಲಿ ಕೆಲವು ಸಲ ಎರಡು ಮೂರು ಹಾದಿಗಳು ಒಂದೇ ಬಿಂದುವಿನಿಂದ ಕವಲೊಡೆದಂತೆ ಕಂಡವು, ಆ ಬಿಂದು ಇದ್ದದ್ದು ಬಂಡೆಯಲ್ಲಲ್ಲ, ಸುರಂಗದ ಗಾಳಿಯಲ್ಲಿ. ಗಾಳಿಯಲ್ಲಿ ನ್ಯೂಟ್ರಿನೊ ಬಡಿಯುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಬಂಡೆಯಲ್ಲಿ ಹುಟ್ಟಿ, ಗಾಳಿಗೆ ಬಂದು, ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದರಷ್ಟು ಬಾಳಿ ಅಳಿದ ಹೊಸ ಕಣವೇ ಅದು? 1975ರಲ್ಲಿ ತಂಡ ಈ ಪ್ರಶ್ನೆಯನ್ನು ಪ್ರಕಟವಾಗಿ ಮುಂದಿಟ್ಟಿತು. ಯುರೋಪ್, ಅಮೆರಿಕದ ವೇಗವರ್ಧಕಗಳಲ್ಲಿ ಹುಡುಕಿದರು, ಸಿಗಲಿಲ್ಲ. ‘ಕೋಲಾರ ಘಟನೆಗಳು’ ಎಂಬ ಹೆಸರು ಮಾತ್ರ ಉಳಿಯಿತು. 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಅದೇ ದಾಖಲೆಗಳನ್ನು ಮತ್ತೆ ಕೈಗೆತ್ತಿಕೊಂಡು, ಅಳಿದದ್ದು ಕಪ್ಪುದ್ರವ್ಯದ ಕಣವಿರಬಹುದೇ ಎಂದು ಕೇಳಿದರು. ಉತ್ತರ ಕೊಡಲು ಹೊಸ ದಾಖಲೆ ಬೇಕು. ಅದಕ್ಕೆ ಬೇಕಾದದ್ದು ಆಳವಾದ ಸುರಂಗ, ಬಂಡೆಗೂ ಶೋಧಕಕ್ಕೂ ನಡುವೆ ಸಾಕಷ್ಟು ಖಾಲಿ ಜಾಗ, ಮತ್ತು ವರ್ಷಗಟ್ಟಲೆ ಕಾಯುವ ಜನ. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು, ಗಣಿ 2001ರಲ್ಲಿ ಮುಚ್ಚಿತು. ಅದರ ಜಾಗ ತುಂಬಬೇಕಿದ್ದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತಾದರೂ, ತಮಿಳುನಾಡಿನ ತೇನಿಯ ಬೆಟ್ಟದಲ್ಲಿ ಸ್ಥಳೀಯರ ಆತಂಕ, ಪರಿಸರದ ತಕರಾರುಗಳ ನಡುವೆ ಕೆಲಸ ಮುಂದೆ ಸಾಗಲಿಲ್ಲ. ಬೆಟ್ಟದ ಕೆಳಗೆ ಬದುಕುವ ಜನರ ಆತಂಕಕ್ಕೆ ಅವರ ಭಾಷೆಯಲ್ಲೇ, ತಾಳ್ಮೆಯಿಂದ ಉತ್ತರ ಹೇಳುವ ಕೆಲಸ ಮೊದಲು ಆಗಬೇಕು. ಅದು ಆಗುವವರೆಗೆ ಕೋಲಾರದ ಸುರಂಗದ ಗಾಳಿಯಲ್ಲಿ ಅಳಿದದ್ದು ಏನು ಎಂಬ ಪ್ರಶ್ನೆ 1975ರಲ್ಲಿ ಇದ್ದ ಜಾಗದಲ್ಲೇ ಇದೆ.